ಮಸಾಲೆ ಮೊದಲು ಬೇಯಲಿ, ಮೀನು ಆಮೇಲೆ

(ಮನೆಯಲ್ಲಿ ಬೇಗ ಆಗುವ, ಎಣ್ಣೆ ಕಡಿಮೆ ಬೇಡುವ ಮೀನಿನ ಅಡುಗೆಯ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೀನಿನ ಅಡುಗೆ ಅಂದರೆ ಭಾನುವಾರದ ಕೆಲಸ ಅನ್ನುವ ಅಭಿಪ್ರಾಯ ಘಟ್ಟದ ಮೇಲೂ ಇದೆ, ಕೆಳಗೂ ಇದೆ. ಕ್ಲೀನ್ ಮಾಡಬೇಕು, ಮಸಾಲೆ ಅರೆಯಬೇಕು, ಕುದಿಸಬೇಕು, ಆಮೇಲೆ ಮನೆಯ ವಾಸನೆ ಹೋಗಬೇಕು. ಇಷ್ಟರಲ್ಲಿ ಮೀನು ಬೇಯುವುದಕ್ಕೆ ಹಿಡಿಯುವ ಹೊತ್ತು ಎಷ್ಟು ಎಂದು ಗಡಿಯಾರ ನೋಡಿ ಲೆಕ್ಕ ಹಾಕಿದರೆ ಐದಾರು ನಿಮಿಷ, ಹೆಚ್ಚೆಂದರೆ ಹತ್ತು. ಮಿಕ್ಕದ್ದೆಲ್ಲ ಮಸಾಲೆಯ ಸಮಯ, ತಯಾರಿಯ ಸಮಯ. ಹಾಗಾಗಿ ಬೇಗ ಆಗಬೇಕಾದರೆ ಕಡಿಮೆ ಮಾಡಬೇಕಾದದ್ದು ಆ ಉಳಿದ ಸಮಯವನ್ನು. ಮೀನನ್ನು ಅವಸರ ಮಾಡಿಸುವ ಅಗತ್ಯವೇ ಇಲ್ಲ, ಅದು ಮೊದಲೇ ಅವಸರದ್ದು.

ಯಾಕೆ ಅಷ್ಟು ಬೇಗ ಬೇಯುತ್ತದೆ? ಕುರಿ, ಕೋಳಿಯ ಮಾಂಸದಲ್ಲಿ ಎಳೆಗಳು ಉದ್ದ, ಅವನ್ನು ಕಟ್ಟಿಹಿಡಿದ ನಾರಿನಂಥ ಕೊಲಾಜೆನ್ ಜಾಸ್ತಿ. ಅದು ಕರಗುವವರೆಗೆ ಬೇಯಿಸಲೇಬೇಕು. ಮೀನು ನೀರಿನಲ್ಲಿ ತೇಲುವ ಪ್ರಾಣಿ, ತನ್ನ ಭಾರ ತಾನು ಹೊರಬೇಕಾಗಿಲ್ಲ. ಅದರ ಮಾಂಸದ ಎಳೆಗಳು ಗಿಡ್ಡ, ಪದರ ಪದರವಾಗಿರುತ್ತವೆ. ಪದರಗಳ ನಡುವಿನ ಕೊಲಾಜೆನ್ ಬಹಳ ಕಡಿಮೆ, ಅದೂ ಕಡಿಮೆ ಶಾಖಕ್ಕೇ ಕರಗುತ್ತದೆ. ಒಳಗಿನ ಬಿಸಿ 60 ಡಿಗ್ರಿ ದಾಟುವಷ್ಟರಲ್ಲಿ ಪದರಗಳು ಬಿಡಿಸಿಕೊಳ್ಳುತ್ತವೆ. 63 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. 70 ದಾಟಿತೋ, ಮಾಂಸ ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕತೊಡಗುತ್ತದೆ. ತವಾದ ಮೇಲೆ ಮೀನಿನ ಪಕ್ಕದಲ್ಲಿ ಬಿಳಿ ಮುದ್ದೆಯಂಥದ್ದು ಉಕ್ಕಿ ಬರುವುದನ್ನು ನೋಡಿರುತ್ತೀರಿ. ಅದು ಹೊರಬಂದ ಪ್ರೋಟೀನು. ಅದು ಧಾರಾಳವಾಗಿ ಕಾಣಿಸಿತೆಂದರೆ ಉರಿ ಜೋರಾಗಿದೆ, ಇಲ್ಲವೇ ಹೊತ್ತು ಮೀರಿದೆ.

ಮನೆಯಲ್ಲಿ ಥರ್ಮಾಮೀಟರು ಇಲ್ಲದವರಿಗೆ ಒಂದು ಲೆಕ್ಕ ಸಾಕು. ಮೀನಿನ ಅತಿ ದಪ್ಪನೆಯ ಭಾಗ ಅಳೆಯಿರಿ. ಒಂದು ಇಂಚಿಗೆ 10 ನಿಮಿಷ, ಅರ್ಧ ಇಂಚಿಗೆ 5. ಇದು ಎರಡೂ ಬದಿ ಸೇರಿ ಒಟ್ಟು ಸಮಯ, ಬದಿಗೆ ಹತ್ತರಂತೆ ಅಲ್ಲ. ಬೆಂದಿತೇ ಎಂದು ನೋಡಲು ಚಾಕುವಿನ ತುದಿಯನ್ನು ಬೆನ್ನಿನ ದಪ್ಪ ಭಾಗದಲ್ಲಿ ಮುಳ್ಳಿನವರೆಗೆ ಇಳಿಸಿ ಮೆಲ್ಲನೆ ಅಗಲಿಸಿ. ಮಾಂಸ ಮುಳ್ಳಿನಿಂದ ಬಿಟ್ಟುಕೊಂಡರೆ, ಪಾರದರ್ಶಕವಾಗಿದ್ದದ್ದು ಬೆಳ್ಳಗಾಗಿದ್ದರೆ ಆಯಿತು. ಅಂಟಿಕೊಂಡಿದ್ದರೆ ಇನ್ನೊಂದೇ ನಿಮಿಷ.

ಈಗ ಮಾರುಕಟ್ಟೆಗೆ ಹೋಗೋಣ. ಅಡುಗೆ ಅರ್ಧ ಅಲ್ಲಿಯೇ ತೀರ್ಮಾನವಾಗುತ್ತದೆ.

ವಾರದ ದಿನಗಳ ಅಡುಗೆಗೆ ನಮ್ಮ ಶಿಫಾರಸು ಬಂಗುಡೆ ಮತ್ತು ಬೂತಾಯಿ. ಬೂತಾಯಿಗೆ ಕಾರವಾರದ ಕಡೆ ತಾರ್ಲೆ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಸಾರ್ಡೀನ್. ಅಗ್ಗ, ಬೇಗ ಬೇಯುತ್ತದೆ, ಪುಷ್ಟಿಯ ಲೆಕ್ಕದಲ್ಲಿ ಮಾಂಜಿ (ಪಾಂಫ್ರೆಟ್), ಅಂಜಲ್‌ (ಸುರ್ಮಯಿ)ಗಳನ್ನು ಹಿಂದೆ ಹಾಕುತ್ತದೆ. ಅಂಜಲಿನ ಬೆಲೆ ಅದರ ಮುಳ್ಳು ಕಡಿಮೆ ಇರುವುದಕ್ಕೆ ಮತ್ತು ಮದುವೆಮನೆಯ ಗೌರವಕ್ಕೆ. ಬೂತಾಯಿಯಂಥ ಕೊಬ್ಬಿನ ಮೀನಿನಲ್ಲಿ 100 ಗ್ರಾಂಗೆ ಸುಮಾರು ಒಂದು ಗ್ರಾಂನಷ್ಟು ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಸಿಗುತ್ತದೆ. ಜೊತೆಗೆ ವಿಟಮಿನ್ ಡಿ, ಬಿ12. ಸಣ್ಣ ಮುಳ್ಳು ಅಗಿದು ತಿಂದರೆ ಕ್ಯಾಲ್ಸಿಯಂ. ಮಳೆಗಾಲ ಮುಗಿದ ಮೇಲೆ ಬರುವ ಬೂತಾಯಿಯಲ್ಲಿ ಎಣ್ಣೆ ಏರಿರುತ್ತದೆ. ಆ ತಿಂಗಳುಗಳಲ್ಲಿ ತವಾಕ್ಕೆ ಎಣ್ಣೆ ಹಾಕದಿದ್ದರೂ ನಡೆಯುತ್ತದೆ, ಮೀನೇ ಬಿಡುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನ ಅಂಗಡಿಯಲ್ಲಿ ಸಿಗುವ ಸಮುದ್ರದ ಮೀನಿನ ಹೆಚ್ಚಿನ ಪಾಲು ಒಂದೋ ನಾಡದೋಣಿಯದ್ದು, ಅಥವಾ ಪೂರ್ವ ಕರಾವಳಿಯಿಂದ ಐಸಿನಲ್ಲಿ ಬಂದದ್ದು, ಅಥವಾ ಫ್ರೀಜರಿನದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಇರುವುದರಿಂದ ಜೂನ್ ಮೊದಲೆರಡು ವಾರ ಎರಡೂ ಕಡೆ ದೋಣಿಗಳು ದಡದಲ್ಲೇ. ಆ ದಿನಗಳಲ್ಲಿ 'ಇವತ್ತಿನ ಫ್ರೆಶ್ ಅಂಜಲ್' ಎಂದು ಯಾರಾದರೂ ಕೂಗಿದರೆ ನಿಮ್ಮ ಕಣ್ಣನ್ನೇ ನಂಬಿ. ಒಳನಾಡಿನವರಿಗೆ ಆಗ ಕೆರೆಯ ಮೀನೇ ವಾಸಿ: ರೋಹು, ಕಾಟ್ಲಾ, ಜಿಲೇಬಿ ಎಂದು ಕರೆಯುವ ತಿಲಾಪಿಯ. ತಿಲಾಪಿಯದಲ್ಲಿ ಮಾಂಸದೊಳಗೆ ಹುದುಗಿದ ಸಣ್ಣ ಮುಳ್ಳಿನ ಕಾಟ ಇಲ್ಲ, ಮಕ್ಕಳಿರುವ ಮನೆಗೆ ಒಳ್ಳೆಯದು. ರೋಹು, ಕಾಟ್ಲಾದಲ್ಲಿ ಕವಲೊಡೆದ ಮುಳ್ಳುಗಳಿವೆ. ಹೋಳು ಮುಕ್ಕಾಲು ಇಂಚಿಗಿಂತ ತೆಳುವಾದರೆ ಆ ಮುಳ್ಳುಗಳೆಲ್ಲ ತುಂಡಾಗಿ ಬಾಯಿಗೆ ಸಿಗುತ್ತವೆ.

ತಾಜಾ ಮೀನಿನ ಗುರುತು ಎಲ್ಲರಿಗೂ ಗೊತ್ತಿದೆ: ಉಬ್ಬಿದ ತಿಳಿಯಾದ ಕಣ್ಣು, ಕೆಂಪು ಕಿವಿರು, ಒತ್ತಿದರೆ ಮತ್ತೆ ಮೇಲೇಳುವ ಮಾಂಸ. ಅಷ್ಟಾಗಿ ಹೇಳದ ಎರಡು ಗುರುತು ಸೇರಿಸುತ್ತೇವೆ. ಬೂತಾಯಿಯಲ್ಲಿ ಮೊದಲು ಹೊಟ್ಟೆ ನೋಡಿ. ಅದರ ಕರುಳಿನ ರಸಗಳು ಬಹಳ ಬೇಗ ಹೊಟ್ಟೆಗೋಡೆಯನ್ನು ಕರಗಿಸುತ್ತವೆ. ಕಣ್ಣು ಚೆನ್ನಾಗಿದ್ದರೂ ಹೊಟ್ಟೆ ಒಡೆದಿದ್ದರೆ ಬಿಟ್ಟುಬಿಡಿ. ಅಂಜಲಿನಂಥ ಹೋಳು ಕೊಳ್ಳುವಾಗ ನಡುಮುಳ್ಳಿನ ಸುತ್ತ ನೋಡಿ. ಮಾಂಸ ಮುಳ್ಳಿಗೆ ಕಚ್ಚಿಕೊಂಡಿರಬೇಕು, ರಕ್ತದ ಕಲೆ ಕೆಂಪಾಗಿರಬೇಕು. ಕಂದು ತಿರುಗಿ ಸಂದು ಬಿಟ್ಟಿದ್ದರೆ ಅದು ಹಳೆಯದು.

ಬಂಗುಡೆ ತಿಂದು ಮುಖ ಕೆಂಪಾಗಿ ಮೈ ತುರಿಸಿದವರು 'ನನಗೆ ಮೀನು ಆಗುವುದಿಲ್ಲ' ಎಂದು ಜನ್ಮಪೂರ್ತಿ ಬಿಟ್ಟುಬಿಡುವುದುಂಟು. ಅದು ಮೀನಿನ ಅಲರ್ಜಿಯೇ ಇರಬೇಕೆಂದಿಲ್ಲ. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಜಾತಿಯ ಮೀನುಗಳಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಹೆಚ್ಚು. ಐಸಿಲ್ಲದೆ ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೀನ್ ಆಗಿ ಬದಲಿಸುತ್ತವೆ, ಅಲರ್ಜಿಯಂಥ ಆ ತುರಿಕೆ ಅದರಿಂದ. ಒಮ್ಮೆ ಹಿಸ್ಟಮೀನ್ ಆದ ಮೇಲೆ ಎಷ್ಟು ಕುದಿಸಿದರೂ, ಹುರಿದರೂ, ಹುಳಿ ಹಿಂಡಿದರೂ ಅದು ಹೋಗುವುದಿಲ್ಲ. ತಡೆಯುವ ದಾರಿ ತಣ್ಣಗಿಡುವುದೊಂದೇ. ಮನೆ ಅರ್ಧ ಗಂಟೆಗಿಂತ ದೂರ ಇದ್ದರೆ ಚೀಲಕ್ಕೆ ಐಸ್ ಕೇಳಿ ಹಾಕಿಸಿಕೊಳ್ಳಿ. ಅಂಗಡಿ ಸುತ್ತುವ ಕೆಲಸವಿದ್ದರೆ ಮೀನು ಕೊನೆಗೆ ಕೊಳ್ಳಿ. ಆದರೆ ಪ್ರತಿಸಲವೂ, ತಾಜಾ ಮೀನಿಗೂ ಹೀಗಾಗುತ್ತಿದ್ದರೆ, ಉಸಿರು ಕಟ್ಟಿದಂತಾದರೆ ಅದು ಬೇರೆ ವಿಷಯ, ವೈದ್ಯರನ್ನೇ ನೋಡಬೇಕು.

ಮೀನು ಶುಚಿ ಮಾಡುವಾಗ ಮೂರು ಕಡೆ ಗಮನ ಸಾಕು. ಕಿವಿರು ಪೂರ್ತಿ ತೆಗೆಯಬೇಕು. ಹೊಟ್ಟೆಯ ಒಳಗೋಡೆಗೆ ಅಂಟಿದ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಬೇಕು, ಬೂತಾಯಿಯ ಕಹಿ ಹೆಚ್ಚಾಗಿ ಅಲ್ಲಿಂದ ಬರುವುದು. ನಡುಮುಳ್ಳಿನ ಕೆಳಗೆ ಉದ್ದಕ್ಕೂ ಇರುವ ರಕ್ತದ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೊಳೆಯಬೇಕು. ಅಂಗಡಿಯಲ್ಲೇ ಕತ್ತರಿಸಿಕೊಂಡು ತಂದರೂ ಈ ಗೆರೆ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ, ವಾಸನೆಯ ಮೂಲವೇ ಅದು. ಕೊನೆಯ ತೊಳೆತ ಉಪ್ಪುನೀರಲ್ಲಿ ಇರಲಿ: ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು, ಅದ್ದಿ ತೆಗೆದರೆ ಸಾಕು. ಅರ್ಧ ಗಂಟೆ ನೆನೆಹಾಕಿದರೆ ಮಾಂಸ ನೀರು ಕುಡಿದು ಸಡಿಲವಾಗುತ್ತದೆ, ರುಚಿ ನೀರಿಗೆ ಹೋಗುತ್ತದೆ.

ವಾಸನೆಯ ವಿಷಯಕ್ಕೆ ಬಂದೆವು, ಹುಳಿಯ ಮಾತು ಇಲ್ಲೇ ಮುಗಿಸೋಣ. ಸಮುದ್ರದ ಮೀನಿನ 'ನಾತ' ಟ್ರೈಮಿಥೈಲ್ ಅಮೀನ್ ಅನ್ನುವ ಪದಾರ್ಥದ್ದು. ಅದು ಕ್ಷಾರ. ಹುಳಿ ಸೇರಿದರೆ ಆವಿಯಾಗದ ಲವಣವಾಗಿ ಕೂತುಬಿಡುತ್ತದೆ, ಮೂಗಿಗೆ ಬರುವುದಿಲ್ಲ. ಕರಾವಳಿಯ ಅಡುಗೆಯಲ್ಲಿ ಮೀನೆಂದರೆ ಹುಣಸೆ, ಪುನರ್ಪುಳಿ, ಬಿಂಬುಳಿ, ಅಂಬಟೆ, ಮಾವಿನಕಾಯಿ ಅಂತ ಏನಾದರೂ ಒಂದು ಹುಳಿ ಇದ್ದೇ ಇರುತ್ತದಲ್ಲ, ಅದರಿಂದ ಆಗುವ ಉಪಕಾರ ಇದು. ಕೆರೆಮೀನಿನ ಮಣ್ಣುವಾಸನೆ ಬೇರೆ. ಅದು ಜಿಯೋಸ್ಮಿನ್, ನೀರಿನ ಪಾಚಿ ಮತ್ತು ಬ್ಯಾಕ್ಟೀರಿಯಾದಿಂದ ಮೀನಿನ ಕೊಬ್ಬಿಗೆ ಸೇರಿದ್ದು. ಹುಳಿಗೆ ಅದೂ ಒಡೆಯುತ್ತದೆ. ರೋಹು ಹೋಳಿಗೆ ನಿಂಬೆರಸ ಅಥವಾ ಹುಳಿ ಮಜ್ಜಿಗೆ ಸವರಿ 10 ನಿಮಿಷ ಬಿಟ್ಟು ತೊಳೆದು ಸಾರಿಗೆ ಹಾಕಿ, ವ್ಯತ್ಯಾಸ ತಿಳಿಯುತ್ತದೆ.

ಇನ್ನು ಮಸಾಲೆ. ಬೇಗ ಆಗಬೇಕೆಂದರೆ ದಿನವೂ ಅರೆಯುವುದು ಆಗದ ಮಾತು. ತೆಂಗಿನಕಾಯಿ, ಈರುಳ್ಳಿ ಇಲ್ಲದ ಒಂದು ಮೂಲ ಮಸಾಲೆ ಅರೆದಿಟ್ಟರೆ ಸಾರಿಗೂ ಆಗುತ್ತದೆ, ತವಾಕ್ಕೂ ಆಗುತ್ತದೆ. ಅಳತೆ ಹೀಗೆ, ಸುಮಾರು ಒಂದು ಕಿಲೋ ಶುಚಿ ಮಾಡಿದ ಮೀನಿಗೆ: ಬ್ಯಾಡಗಿ ಮೆಣಸಿನಕಾಯಿ 20, ಖಾರ ಬೇಕಿದ್ದರೆ ಗುಂಟೂರು ಮೆಣಸು 4. ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಜೀರಿಗೆ 1 ಸಣ್ಣ ಚಮಚ, ಕಾಳುಮೆಣಸು 1 ಸಣ್ಣ ಚಮಚ, ಮೆಂತ್ಯ ಕಾಲು ಚಮಚ, ಬೆಳ್ಳುಳ್ಳಿ 10 ಎಸಳು, ಅರಸಿನ ಅರ್ಧ ಚಮಚ, ದೊಡ್ಡ ನಿಂಬೆಗಾತ್ರದ ಹುಣಸೆ. ಮೆಣಸಿನಕಾಯಿ ಮತ್ತು ಹುಣಸೆಯನ್ನು ಬಿಸಿನೀರಲ್ಲಿ 15 ನಿಮಿಷ ನೆನೆಸಿ. ಉಳಿದ ಬೀಜಗಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ನೆನೆಸಿದ ನೀರನ್ನೇ ಬೇಕಾದಷ್ಟು ಹಾಕಿ ನುಣ್ಣಗೆ ಅರೆಯಿರಿ. ಮೆಂತ್ಯವನ್ನು ಕೊನೆಗೆ ಹಾಕಿ, ಬಣ್ಣ ಸ್ವಲ್ಪ ತಿರುಗಿದ ಕೂಡಲೇ ಇಳಿಸಿ. ಮಸಾಲೆ ಕಹಿಯಾಯಿತು ಅನ್ನುವ ದೂರಿನ ಕಾರಣ ಹೆಚ್ಚಾಗಿ ಸೀದ ಮೆಂತ್ಯವೇ, ಮಿಕ್ಕ ಸಲ ಸೀದ ಬೆಳ್ಳುಳ್ಳಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬಣ್ಣ ಬರಲಿಲ್ಲವೆಂದು ಗುಂಟೂರಿನ ಪುಡಿ ಸುರಿದರೆ ಮೀನು ಎಲ್ಲಿದೆ ಎಂದು ನಾಲಿಗೆಗೆ ತಿಳಿಯುವುದಿಲ್ಲ.

ಇದಕ್ಕೆ ಉಪ್ಪು ಹಾಕಬೇಡಿ. ಉಪ್ಪು ಅಡುಗೆಯ ದಿನ ಅಳೆದು ಹಾಕುವುದು. ಒಣಗಿದ ಗಾಜಿನ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಇರುತ್ತದೆ. ಹೆಚ್ಚು ದಿನಕ್ಕೆ ಬೇಕಾದರೆ ಐಸ್ ಟ್ರೇಯಲ್ಲಿ ಹಾಕಿ ಗಟ್ಟಿಮಾಡಿ ಚೀಲಕ್ಕೆ ತುಂಬಿಡಿ. ತೆಂಗಿನತುರಿ ಸೇರಿಸಿ ಅರೆದದ್ದನ್ನು ಮಾತ್ರ ಆ ದಿನವೇ ಮುಗಿಸಿ.

ಈಗ ಒಲೆಯ ಮುಂದೆ. ಮೊದಲು ಬಂಗುಡೆ ಪುಳಿಮುಂಚಿ, ಅಂದರೆ ಹುಳಿ-ಮೆಣಸಿನ ಸಾರು, ಯಾಕೆಂದರೆ ಅದಕ್ಕೆ ಕೊನೆಗೆ ಒಂದು ಸಣ್ಣ ಚಮಚ ಎಣ್ಣೆ ಸಾಕು, ತೆಂಗಿನಕಾಯಿ ಬೇಡ, 25 ನಿಮಿಷದಲ್ಲಿ ಊಟಕ್ಕೆ ಕೂರಬಹುದು.

ಕಿಲೋಗೆ ಆರೇಳು ತೂಗುವ ಗಾತ್ರದ ನಾಲ್ಕು ಬಂಗುಡೆ, ಒಂದೊಂದನ್ನೂ ಎರಡು ತುಂಡು ಮಾಡಿ. ಮೇಲಿನ ಮಸಾಲೆಯ ಅರ್ಧ ಭಾಗ, ಒಂದು ಲೋಟ ನೀರು, ಉದ್ದಕ್ಕೆ ಸೀಳಿದ ಎರಡು ಹಸಿಮೆಣಸು, ಒಂದಿಂಚು ಶುಂಠಿ ತೆಳ್ಳಗೆ ಹೆಚ್ಚಿದ್ದು, ಒಂದು ಎಸಳು ಕರಿಬೇವು, ಮುಕ್ಕಾಲು ಸಣ್ಣ ಚಮಚ ಉಪ್ಪು. ಇಷ್ಟನ್ನು ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಅಥವಾ ಸ್ಟೀಲಿನಲ್ಲಿ, ಮೀನು ಹಾಕದೆ, 8ರಿಂದ 10 ನಿಮಿಷ ಕುದಿಸಿ. ಹಸಿ ಮಸಾಲೆಯ ವಾಸನೆ ಹೋಗಿ, ಕುದಿಯುವ ಗುಳ್ಳೆಗಳು ಸಣ್ಣವಿದ್ದದ್ದು ದೊಡ್ಡದಾಗಿ, ಸಾರು ಸೌಟಿನ ಬೆನ್ನಿಗೆ ಅಂಟುವ ಹದಕ್ಕೆ ಬರಬೇಕು. ಹುಳಿ, ಉಪ್ಪು, ಖಾರ ಎಲ್ಲವನ್ನೂ ಈಗಲೇ ನಾಲಿಗೆಗೆ ಹಚ್ಚಿ ಸರಿಮಾಡಿಕೊಳ್ಳಿ. ಮೀನು ಬಿದ್ದ ಮೇಲೆ ಸರಿಮಾಡುವ ಅವಕಾಶವಿಲ್ಲ.

ಆಮೇಲೆ ಉರಿ ಸಣ್ಣಗೆ ಮಾಡಿ, ಮೀನನ್ನು ಒಂದರ ಮೇಲೊಂದು ಬೀಳದಂತೆ ಒಂದೇ ಸಾಲಿನಲ್ಲಿ ಜೋಡಿಸಿ ಮುಚ್ಚಿ. 6 ನಿಮಿಷ. ನಡುವೆ ಒಮ್ಮೆ ಪಾತ್ರೆಯ ಎರಡೂ ಕಿವಿ ಬಟ್ಟೆಯಲ್ಲಿ ಹಿಡಿದು ಮೆಲ್ಲನೆ ಸುತ್ತಿಸಿ, ಸೌಟು ಹಾಕಬೇಡಿ. ಒಲೆ ಆರಿಸಿ, ಒಂದು ಸಣ್ಣ ಚಮಚ ತೆಂಗಿನೆಣ್ಣೆ ಮೇಲೆ ಬಿಟ್ಟು 10 ನಿಮಿಷ ಹಾಗೆಯೇ ಇಡಿ. ಮಣ್ಣಿನ ಪಾತ್ರೆಯಾದರೆ ಬಿಸಿ ಹಿಡಿದಿಟ್ಟು ಬೇಯಿಸುತ್ತಲೇ ಇರುತ್ತದೆ, 5 ನಿಮಿಷಕ್ಕೇ ಒಲೆ ಆರಿಸಿ. ಅಲ್ಯುಮಿನಿಯಂ ಪಾತ್ರೆ ಬೇಡ, ಹುಣಸೆ ಅದನ್ನು ತಿಂದು ಲೋಹದ ರುಚಿ ಕೊಡುತ್ತದೆ.

ಮಸಾಲೆಯನ್ನೂ ಮೀನನ್ನೂ ಒಟ್ಟಿಗೆ ಹಾಕಿ ಕುದಿಸಿದರೆ ಏನಾಗುತ್ತದೆ? ಮೀನಿಗೆ ಸಾಕಾದ ಆರು ನಿಮಿಷಕ್ಕೆ ಇಳಿಸಿದರೆ ಕೊತ್ತಂಬರಿ, ಮೆಣಸು ಹಸಿಹಸಿ. ಮಸಾಲೆ ಬೇಯಲಿ ಎಂದು ಕಾದರೆ ಮೀನು ಹತ್ತಿಯಂತಾಗಿ ಒಡೆಯುತ್ತದೆ. ಇವೆರಡರ ಸಮಯ ಬೇರೆ ಬೇರೆ ಎಂದು ಒಪ್ಪಿಕೊಂಡರೆ ಅರ್ಧ ತೊಂದರೆ ಪರಿಹಾರ. ಪುಳಿಮುಂಚಿ ಮರುದಿನ ಇನ್ನೂ ಚೆನ್ನಾಗಿರುತ್ತದೆ, ಹುಳಿ ಮತ್ತು ಉಪ್ಪು ಒಳಗಿಳಿಯಲು ಹೊತ್ತು ಸಿಕ್ಕಿರುತ್ತದೆ. ಆದರೆ ರಾತ್ರಿ ಹೊರಗಿಡಬೇಡಿ. ಆರಿದ ಕೂಡಲೇ ಫ್ರಿಜ್ಜಿಗೆ. ಬೇಕಾದಷ್ಟನ್ನೇ ತೆಗೆದು ಒಮ್ಮೆ ಚೆನ್ನಾಗಿ ಬಿಸಿಮಾಡಿ.

ತೆಂಗಿನಕಾಯಿ ಹಾಕಿದ ಗಸಿಯ ಕ್ರಮವೂ ಇದೇ. ವ್ಯತ್ಯಾಸ ಇಷ್ಟೆ: ಅರ್ಧ ಕಿಲೋ ಮೀನಿಗೆ ಅರ್ಧ ಬಟ್ಟಲು ತುರಿ ಸಾಕು. ಸುಮಾರು 40 ಗ್ರಾಂ ತುರಿಯಲ್ಲಿ 13 ಗ್ರಾಂನಷ್ಟು ಕೊಬ್ಬಿರುತ್ತದೆ, ಅಂದರೆ ಹತ್ತಿರ ಹತ್ತಿರ ಮೂರು ಸಣ್ಣ ಚಮಚ ಎಣ್ಣೆಗೆ ಸಮ. ನಾಲ್ಕು ಜನಕ್ಕೆ ಹಂಚಿದರೆ ದೊಡ್ಡದಲ್ಲ. ಒಂದಿಡೀ ಕಾಯಿ ಹಾಕುವುದು ಮಾತ್ರ ಬೇರೆ ಲೆಕ್ಕ. ನುಣ್ಣಗೆ ಅರೆಯದಿದ್ದರೆ, ಅಥವಾ ಕೊತಕೊತ ಕುದಿಸಿದರೆ ಗಸಿ ಒಡೆದು ನೀರು ಬೇರೆ, ಕಾಯಿ ಬೇರೆ ಆಗುತ್ತದೆ. ಬೂತಾಯಿಯ ಗಸಿಗೆ ಏಳೆಂಟು ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಳ, ಬೀಜ ತೆಗೆದು ಜಜ್ಜಿ ಮೀನಿನ ಜೊತೆ ಕೊನೆಗೆ ಹಾಕಿ. ಮಸಾಲೆಯೊಳಗೆ ಅರೆದುಬಿಟ್ಟರೆ ಕಹಿ. ಬೂತಾಯಿಗೆ 4 ನಿಮಿಷ ಸಾಕು.

ತವಾ ಫ್ರೈಗೆ ಬರೋಣ. ಎಣ್ಣೆಯ ಲೆಕ್ಕ ತಪ್ಪುವುದು ಇಲ್ಲಿ. ರವಾ ಫ್ರೈ ಎಂದು ಹೋಟೆಲಿನಲ್ಲಿ ತಿನ್ನುವುದು ಎಣ್ಣೆಯಲ್ಲಿ ಮುಳುಗಿದ ರವೆ. ರವೆಯ ಪದರ ಎಣ್ಣೆ ಹೀರಿ ಗರಿಗರಿಯಾಗುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದಾಗ ಮೀನಿನ ಒಳ್ಳೆಯ ಕೊಬ್ಬಿನ ಒಂದಿಷ್ಟು ಪಾಲು ಬಾಣಲೆಗೆ ಇಳಿಯುತ್ತದೆ, ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ಒಮೆಗಾ-3ಗಾಗಿ ಬೂತಾಯಿ ತಂದು ಹೀಗೆ ಕರಿಯುವುದು ನಷ್ಟದ ವ್ಯಾಪಾರ.

ನಾಲ್ಕು ಬಂಗುಡೆಗೆ ಎರಡು ಸಣ್ಣ ಚಮಚ ಎಣ್ಣೆಯಲ್ಲಿ ಕೆಲಸ ಮುಗಿಯುತ್ತದೆ, ಮೂರು ಶರತ್ತುಗಳಿವೆ. ಮೊದಲನೆಯದು, ಮೀನು ಒಣಗಿರಬೇಕು. ತೊಳೆದ ಮೇಲೆ ಬಟ್ಟೆಯಿಂದ ಒಳಹೊಟ್ಟೆಯನ್ನೂ ಸೇರಿಸಿ ಒತ್ತಿ ಒರೆಸಿ, ಬದಿಗೆ ಮೂರರಂತೆ ಮುಳ್ಳು ತಾಗುವಷ್ಟು ಗೀರು ಹಾಕಿ. ಎರಡನೆಯದು, ಮಸಾಲೆ ಗಟ್ಟಿಯಾಗಿರಬೇಕು. ಮೂಲ ಮಸಾಲೆ ಎರಡು ದೊಡ್ಡ ಚಮಚ, ಅರ್ಧ ಚಮಚ ಉಪ್ಪು, ಒಂದು ಚಮಚ ಅಕ್ಕಿಹಿಟ್ಟು ಕಲಸಿ ಸವರಿ 15 ನಿಮಿಷ ಬಿಡಿ. ಹುಳಿಮಸಾಲೆಯಲ್ಲಿ ಇಡೀ ರಾತ್ರಿ ಇಟ್ಟರೆ ಹೆಚ್ಚು ಹಿಡಿಯುತ್ತದೆಂಬ ನಂಬಿಕೆ ಇದೆ. ಹಿಡಿಯುವುದು ನಿಜ, ಜೊತೆಗೆ ಹುಳಿ ಮೇಲ್ಮೈಯನ್ನು ಬೇಯಿಸಿದಂತೆ ಗಟ್ಟಿಮಾಡಿ ಪುಡಿಪುಡಿ ಮಾಡುತ್ತದೆ, ಉಪ್ಪು ನೀರೆಳೆದು ಮಸಾಲೆ ಜಾರಿಹೋಗುತ್ತದೆ. ಮೂರನೆಯದು, ಕಾವಲಿ ಕಾದಿರಬೇಕು. ನೀರಿನ ಹನಿ ಬಿದ್ದರೆ ಗುಂಡಾಗಿ ಉರುಳಬೇಕು. ಆಮೇಲೆ ಎಣ್ಣೆ, ಹಿಂದೆಯೇ ಮೀನು, ಉರಿ ಮಧ್ಯಮ.

ಮತ್ತೆ 4 ನಿಮಿಷ ಕೈ ಹಿಂದೆ ಕಟ್ಟಿ ನಿಲ್ಲಿ. ತವಾ ಫ್ರೈ ಕೆಡುವುದು ಮಧ್ಯೆ ಮಧ್ಯೆ ಎಬ್ಬಿ ನೋಡುವುದರಿಂದಲೇ. ಅಡಿಯಲ್ಲಿ ಹೊರಪದರ ಕಟ್ಟುವವರೆಗೆ ಮೀನು ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತದೆ, ಕಟ್ಟಿದ ಮೇಲೆ ತಾನಾಗಿ ಬಿಡುತ್ತದೆ. ಸಟ್ಟುಗ ಹಾಕಿದಾಗ ಬರಲಿಲ್ಲವೆಂದರೆ ಇನ್ನೂ ಆಗಿಲ್ಲ. ಒಂದೇ ಸಲ ಮಗುಚಿ, ಇನ್ನೊಂದು ಬದಿ 3ರಿಂದ 4 ನಿಮಿಷ. ಹೊರಗೆ ಸೀದು ಒಳಗೆ ಹಸಿ ಉಳಿದರೆ ಉರಿ ಜೋರು. ಬಣ್ಣ ಬರದೆ ನೀರು ಬಿಟ್ಟುಕೊಂಡರೆ ಒಂದೇ ಸಲ ಜಾಸ್ತಿ ಮೀನು ತುಂಬಿದ್ದೀರಿ, ಕಾವಲಿ ತಣ್ಣಗಾಗಿದೆ. ರವೆ ಬೇಕೇ ಬೇಕು ಅನ್ನುವವರು ಚಿರೋಟಿ ರವೆಯನ್ನು ಮೇಲಿಂದ ಉದುರಿಸಿ ಕೊಡವಿ. ರವೆಯಲ್ಲಿ ಹೊರಳಿಸಬೇಡಿ.

ಇದಕ್ಕಿಂತಲೂ ಸುಲಭದ್ದು ಬಾಳೆಎಲೆಯಲ್ಲಿ ಹಬೆಯದು, ಎಣ್ಣೆ ಶೂನ್ಯ. ಮಾಂಜಿ, ಮದ್ಮಲ್, ತಿಲಾಪಿಯ, ಮುಳ್ಳು ತೆಗೆದ ಯಾವುದೇ ಬಿಳಿ ಮೀನು ಆಗುತ್ತದೆ. ಒಂದು ಹಿಡಿ ಕೊತ್ತಂಬರಿ ಸೊಪ್ಪು, ಮೂರು ಹಸಿಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ, ಎರಡು ದೊಡ್ಡ ಚಮಚ ತೆಂಗಿನತುರಿ, ಅರ್ಧ ಚಮಚ ಕಾಳುಮೆಣಸು, ಅರ್ಧ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ. ನೀರು ಹಾಕದೆ ಅರೆದು 400 ಗ್ರಾಂ ಮೀನಿಗೆ ಸವರಿ. ಎಲೆಯನ್ನು ಉರಿಯ ಮೇಲೆ ಎರಡು ಕ್ಷಣ ಬಾಡಿಸಿ, ಇಲ್ಲದಿದ್ದರೆ ಮಡಚುವಾಗ ಸೀಳುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲಷ್ಟೇ ಪೊಟ್ಟಣ ಇಡಿ. ಮುಳ್ಳು ತೆಗೆದ ತುಂಡಿಗೆ 8 ನಿಮಿಷ, 250 ಗ್ರಾಂ ತೂಗುವ ಇಡೀ ಮೀನಿಗೆ 12ರಿಂದ 14. ಮಡಿಕೆಯ ಬಾಯಿ ಮೇಲ್ಮುಖವಾಗಿರಲಿ, ರಸ ಚೆಲ್ಲುವುದಿಲ್ಲ. ಆ ರಸವನ್ನು ಕುಚ್ಚಲಕ್ಕಿ ಅನ್ನಕ್ಕೆ ಹಾಕಿಕೊಳ್ಳದೆ ಎಸೆಯುವವರಿಗೆ ನಾವು ಏನೂ ಹೇಳಲಾರೆವು.

ಉಪ್ಪಿನ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಒಂದು ಸಣ್ಣ ಚಮಚಕ್ಕೂ ಒಳಗೆ. ಮೇಲೆ ಹೇಳಿದ ಅಡುಗೆಗಳಲ್ಲಿ ಮೂರು-ನಾಲ್ಕು ಜನಕ್ಕೆ ಅರ್ಧ, ಮುಕ್ಕಾಲು ಚಮಚ ಇರುವುದು ಆ ಲೆಕ್ಕದಿಂದ. ಒಣಮೀನಿನಲ್ಲಿ ಉಪ್ಪು ವಿಪರೀತ. ಬಿಸಿನೀರಲ್ಲಿ ಎರಡು ಸಲ ನೆನೆಸಿ ಚೆಲ್ಲಿದರೂ ಸಾಕಷ್ಟು ಉಳಿಯುತ್ತದೆ. ರಕ್ತದೊತ್ತಡ ಇರುವವರು ಅದನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಗರ್ಭಿಣಿಯರು ಮತ್ತು ಸಣ್ಣ ಮಕ್ಕಳು ತಾಟೆಯಂಥ, ಅಂದರೆ ಶಾರ್ಕ್ ಜಾತಿಯ, ಬೇರೆ ಮೀನುಗಳನ್ನು ತಿಂದು ಬೆಳೆಯುವ ದೊಡ್ಡ ಮೀನುಗಳನ್ನು ಬಿಡಬೇಕು. ಪಾದರಸ ಅವುಗಳಲ್ಲಿ ಶೇಖರವಾಗಿರುತ್ತದೆ. ಯೂರಿಕ್ ಆಮ್ಲ ಹೆಚ್ಚಿದ್ದು ಗೌಟ್ ಇರುವವರಿಗೆ ಬೂತಾಯಿ ಮತ್ತು ಕೊಲ್ಲತರು (ಆಂಚೊವಿ) ಹೊಂದುವುದಿಲ್ಲ, ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಅವುಗಳಲ್ಲಿ ಜಾಸ್ತಿ. ಅವರ ಮಟ್ಟಿಗೆ ನಮ್ಮ ಶಿಫಾರಸು ಹಿಂತೆಗೆದುಕೊಳ್ಳುತ್ತೇವೆ.

ಇನ್ನು ಪ್ರಶ್ನೆಗಳು.

ಫ್ರೀಜರಿನಲ್ಲಿ ಎಷ್ಟು ದಿನ ಇಡಬಹುದು?
ಮೈನಸ್ 18 ಡಿಗ್ರಿಯಲ್ಲಿ ಬಂಗುಡೆ, ಬೂತಾಯಿಯಂಥ ಕೊಬ್ಬಿನ ಮೀನು ಎರಡು ಮೂರು ತಿಂಗಳು. ಆಮೇಲೆ ಎಣ್ಣೆ ಕಮಟುತ್ತದೆ. ಬಿಳಿ ಮೀನು ಇನ್ನೂ ಹೆಚ್ಚು ಕಾಲ ಇರುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟನ್ನು ಚಪ್ಪಟೆಯಾಗಿ ಗಾಳಿ ತೆಗೆದು ಕಟ್ಟಿ. ದೊಡ್ಡ ಮುದ್ದೆಯಾಗಿ ಕಟ್ಟಿದರೆ ಒಳಗೆ ಗಟ್ಟಿಯಾಗಲು ಹೊತ್ತು ಹಿಡಿದು ಮಾಂಸ ಮೆದುವಾಗುತ್ತದೆ. ಕರಗಿಸಲು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಅವಸರವಾದರೆ ಚೀಲ ಸಮೇತ ತಣ್ಣೀರಲ್ಲಿ ಅರ್ಧ ಗಂಟೆ. ಬಿಸಿನೀರು ಬೇಡ.

ಸೂಪರ್‌ಮಾರ್ಕೆಟ್ಟಿನ ಬಾಸಾ ತುಂಡುಗಳು ತವಾದಲ್ಲಿ ನೀರು ನೀರಾಗುತ್ತವೆ, ಯಾಕೆ?
ಬಾಸಾ ಮೊದಲೇ ನೀರು ಹೆಚ್ಚಿರುವ ಮೀನು, ಅದರ ಮೇಲೆ ಐಸಿನ ಲೇಪ ಬೇರೆ. ಪೂರ್ತಿ ಕರಗಿಸಿ, ಕಾಲು ಚಮಚ ಉಪ್ಪು ಸವರಿ 10 ನಿಮಿಷ ಜರಡಿಯಲ್ಲಿಡಿ, ಒರೆಸಿ, ಆಮೇಲೆ ಮಸಾಲೆ. ಮಸಾಲೆಗೆ ಮತ್ತೆ ಉಪ್ಪು ಹಾಕುವಾಗ ಇದನ್ನು ನೆನಪಿಡಿ. ಅದಕ್ಕೆ ಸಾರಿಗಿಂತ ಹಬೆ, ತವಾ ವಾಸಿ.

ಏರ್ ಫ್ರೈಯರ್?
ಚೆನ್ನಾಗಿ ಬರುತ್ತದೆ. 200 ಡಿಗ್ರಿಗೆ ಮೊದಲೇ ಕಾಯಿಸಿ, ಬಂಗುಡೆಗೆ ಒಂದು ಚಮಚ ಎಣ್ಣೆ ಬ್ರಷ್‌ನಿಂದ ಸವರಿ 10ರಿಂದ 12 ನಿಮಿಷ. ಕಾವಲಿಯ ಆ ಸೀದಂಥ ಘಮ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕುಕ್ಕರ್ ಮಾತ್ರ ಬೇಡ. ಒಂದು ವಿಶಲ್ ಬರುವಷ್ಟರಲ್ಲಿ ಬೂತಾಯಿ ಗಂಜಿಯಾಗಿರುತ್ತದೆ.

ಮೀನು ತಿಂದು ಹಾಲು ಮೊಸರು ತಿಂದರೆ ತೊನ್ನು ಬರುತ್ತದೆ ಅನ್ನುತ್ತಾರೆ.
ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ತೊನ್ನು ಬರುವುದು ದೇಹದ ರೋಗನಿರೋಧಕ ವ್ಯವಸ್ಥೆ ಚರ್ಮದ ಬಣ್ಣದ ಕೋಶಗಳನ್ನು ನಾಶಮಾಡುವುದರಿಂದ. ಬಂಗಾಳದಲ್ಲಿ ಮೊಸರಿನಲ್ಲೇ ಮೀನು ಬೇಯಿಸಿ ತಿನ್ನುತ್ತಾರೆ.

ಅಪಾರ್ಟ್‌ಮೆಂಟಿನಲ್ಲಿ ವಾಸನೆಗೆ ಏನು ಮಾಡುವುದು?
ಪಾತ್ರೆ, ಹಲಗೆ, ಸಿಂಕನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಮೊದಲೇ ಬಿದ್ದರೆ ಪ್ರೋಟೀನು ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಸೋಪು, ಬಿಸಿನೀರು. ಕೈಗೆ, ಹಲಗೆಗೆ ಅರೆಯಲು ಹಿಂಡಿ ಉಳಿದ ಹುಣಸೆ ಚರಟ ಉಜ್ಜಿ. ಕಿವಿರು, ಕರುಳನ್ನು ಕಸದವರು ಬರುವ ಬೆಳಗಿನವರೆಗೆ ಬುಟ್ಟಿಯಲ್ಲಿ ಇಡಬೇಡಿ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನ ಮೂಲೆಯಲ್ಲಿಟ್ಟು, ಗಾಡಿ ಬಂದಾಗ ಹಸಿ ಕಸಕ್ಕೆ ಹಾಕಿ.